ಮುಟ್ಟಿನ ಹೊಟ್ಟೆನೋವಿಗೆ ಅಕ್ಯುಪಂಕ್ಚರ್: ಮಾಡಿಸಿಕೊಳ್ಳುವ ಕ್ರಮ

ಮುಟ್ಟಿನ ಹೊಟ್ಟೆನೋವಿಗೆ ಅಕ್ಯುಪಂಕ್ಚರ್, ಅಂದರೆ ಮೈಯ ಗೊತ್ತಾದ ಬಿಂದುಗಳಿಗೆ ತೆಳು ಸೂಜಿ ಚುಚ್ಚುವ ಚೀನೀ ಚಿಕಿತ್ಸೆ, ಮಾಡಿಸಿಕೊಳ್ಳಬೇಕೆಂದಿರುವವರು ಮೊದಲು ಸ್ತ್ರೀರೋಗ ತಜ್ಞರನ್ನು ಕಂಡು ನೋವಿನ ಮೂಲವನ್ನು ತಿಳಿದುಕೊಳ್ಳಬೇಕು. ಗರ್ಭಕೋಶದ ಒಳಪೊರೆಯಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಾಗಿ, ಅದರಿಂದ ಗರ್ಭಕೋಶ ಬಿಗಿಯಾಗಿ ಹಿಂಡಿಕೊಂಡು ಬರುವ ನೋವು ಒಂದು ಬಗೆ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಅದರ ಹೊರಗೆ ಬೆಳೆಯುವುದು), ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಮುಂತಾದ ಕಾಯಿಲೆಗಳಿಂದ ಬರುವ ನೋವು ಇನ್ನೊಂದು ಬಗೆ. ಮೊದಲೆಲ್ಲ ಇಲ್ಲದ ನೋವು ಮೂವತ್ತು ದಾಟಿದ ಮೇಲೆ ಶುರುವಾಗಿದ್ದರೆ, ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಸ್ರಾವ ವಿಪರೀತವಾಗಿದ್ದರೆ ಅಥವಾ ಮುಟ್ಟಿಲ್ಲದ ದಿನಗಳಲ್ಲೂ ಕಿಬ್ಬೊಟ್ಟೆ ನೋಯುತ್ತಿದ್ದರೆ ಸ್ಕ್ಯಾನಿಂಗ್ ಮಾಡಿಸದೆ ಸೂಜಿಗೆ ಒಡ್ಡಿಕೊಳ್ಳಬಾರದು. ಮದುವೆಯಾದರೆ, ಒಂದು ಹೆರಿಗೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ಮನೆಯ ಹಿರಿಯರು ಹೇಳುವ ಸಮಾಧಾನದಿಂದಾಗಿಯೇ ಎಷ್ಟೋ ಹುಡುಗಿಯರ ಎಂಡೊಮೆಟ್ರಿಯೋಸಿಸ್ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ.

ಚಿಕಿತ್ಸಕರನ್ನು ಆರಿಸುವಾಗ ಅವರ ಓದನ್ನು ಸಂಕೋಚವಿಲ್ಲದೆ ವಿಚಾರಿಸಬೇಕು. ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿದೆಯಾದರೂ, ಕೆಲವೇ ವಾರಗಳ ತರಬೇತಿ ಪಡೆದು ಬೋರ್ಡು ಹಾಕಿಕೊಂಡವರೂ ಇದ್ದಾರೆ. ಕರ್ನಾಟಕದಲ್ಲಿ ಐದೂವರೆ ವರ್ಷದ ಬಿಎನ್‌ವೈಎಸ್ ಪದವಿ ಪಡೆದ ಪ್ರಕೃತಿ ಚಿಕಿತ್ಸಾ ವೈದ್ಯರು ಪಠ್ಯದ ಭಾಗವಾಗಿಯೇ ಅಕ್ಯುಪಂಕ್ಚರ್ ಕಲಿತಿರುತ್ತಾರೆ. ಉಜಿರೆಯಂಥ ಕಡೆ ಅಂಥ ಕಾಲೇಜುಗಳೂ ಅವುಗಳ ಆಸ್ಪತ್ರೆಗಳೂ ಇವೆ.

ನೋವು ಶುರುವಾದ ದಿನ ಓಡಿಹೋಗುವುದಕ್ಕಿಂತ, ಮುಟ್ಟಿನ ನಿರೀಕ್ಷಿತ ದಿನಕ್ಕೆ ಒಂದು ವಾರ ಮುಂಚೆ ಆರಂಭಿಸಿ ಎರಡು ಮೂರು ಬಾರಿ ಮಾಡಿಸಿಕೊಂಡು, ಹೀಗೆ ಮೂರು ತಿಂಗಳು ನೋಡುವುದು ರೂಢಿಯಲ್ಲಿರುವ ಕ್ರಮ. ಮುಖ್ಯವಾಗಿ ಕಾಲು, ಕೈ ಮತ್ತು ಹೊಕ್ಕುಳಿನ ಕೆಳಗೆ ಚುಚ್ಚುವುದರಿಂದ ಸಡಿಲವಾದ ಬಟ್ಟೆ ತೊಟ್ಟು, ಸ್ವಲ್ಪ ಹೊತ್ತಿಗೆ ಮುಂಚೆ ಏನಾದರೂ ತಿಂದು ಹೋಗಬೇಕು; ಬರಿಹೊಟ್ಟೆಯಲ್ಲಿ ಹೋದವರಿಗೆ ತಲೆಸುತ್ತು ಬರುವುದುಂಟು. ಸೂಜಿಯ ದಪ್ಪ ಸಾಮಾನ್ಯವಾಗಿ ಕಾಲು ಮಿಲಿಮೀಟರಿನ ಆಸುಪಾಸು, ಅಂದರೆ ರಕ್ತ ತೆಗೆಯುವ ಸೂಜಿಗಿಂತ ಬಹಳ ತೆಳುವು. ಮುಚ್ಚಿದ ಪೊಟ್ಟಣವನ್ನು ನಿಮ್ಮ ಕಣ್ಣೆದುರಿಗೇ ಹರಿದು ಹೊಸ ಸೂಜಿ ತೆಗೆಯಬೇಕೆಂದು ಕೇಳಿ. ಚುಚ್ಚಿದ ಜಾಗದಲ್ಲಿ ಭಾರವಾದಂತೆ, ಜುಮ್ಮೆಂದಂತೆ ಅನಿಸಿದರೆ ಗಾಬರಿಯಾಗಬೇಕಿಲ್ಲ, ಚಿಕಿತ್ಸಕರು ಅದನ್ನೇ ಬಯಸುತ್ತಾರೆ. ಆದರೆ ಚುರ್ರೆನ್ನುವ ಉರಿನೋವಾದರೆ ಕೂಡಲೇ ಹೇಳಿ ಸೂಜಿ ಸರಿಪಡಿಸಿಕೊಳ್ಳಬೇಕು. ಇಪ್ಪತ್ತು ಮೂವತ್ತು ನಿಮಿಷ ಅಲುಗಾಡದೆ ಮಲಗಿದ ಮೇಲೆ ಸೂಜಿಗಳನ್ನು ತೆಗೆಯುತ್ತಾರೆ. ಅಲ್ಲಲ್ಲಿ ರಕ್ತ ಹೆಪ್ಪುಗಟ್ಟಿ ಚರ್ಮ ಕಪ್ಪಾಗಬಹುದು, ಕೆಲವು ದಿನಗಳಲ್ಲಿ ಅದು ಮಾಯುತ್ತದೆ.

ಗರ್ಭ ನಿಂತಿರುವ ಸಾಧ್ಯತೆಯಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಬೇಕು. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ವಿದ್ಯುತ್ ಹರಿಸುವ ವಿಧಾನ ಸಲ್ಲದು.

ಸೂಜಿಯೆಂದರೆ ಹೆದರುವವರು ಸಾನ್‌ಯಿನ್‌ಜಿಯಾವ್ ಎಂಬ ಬಿಂದುವನ್ನು ಮನೆಯಲ್ಲಿಯೇ ಒತ್ತಿಕೊಳ್ಳಬಹುದು. ಪಾದದ ಕೀಲಿನ ಒಳಬದಿಯಲ್ಲಿ ಉಬ್ಬಿರುವ ಮೂಳೆಯ ತುದಿಯಿಂದ ಮೇಲಕ್ಕೆ ನಿಮ್ಮದೇ ನಾಲ್ಕು ಬೆರಳುಗಳನ್ನು ಅಡ್ಡವಾಗಿ ಇಟ್ಟರೆ, ಮೇಲಿನ ಬೆರಳಿನ ಅಂಚಿಗೆ ಸರಿಯಾಗಿ, ಕಾಲಿನ ಮೂಳೆಯ ಹಿಂಬದಿಯ ಮೆತ್ತನೆಯ ಜಾಗದಲ್ಲಿ ಅದು ಸಿಗುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಸುತ್ತಲಿನ ಜಾಗಕ್ಕಿಂತ ಅಲ್ಲಿ ತುಸು ಹೆಚ್ಚು ನೋಯುತ್ತದೆ. ಒಂದೊಂದು ಕಾಲಿಗೂ ಕೆಲವು ನಿಮಿಷ, ತಡೆದುಕೊಳ್ಳುವಷ್ಟೇ ಬಲದಿಂದ ಒತ್ತಿದರೆ ಸಾಕು. ಗರ್ಭಿಣಿಯರಿಗೆ ಈ ಬಿಂದು ವರ್ಜ್ಯವೆಂಬುದು ಪದ್ಧತಿ.

ಇದರಿಂದ ನಿಜಕ್ಕೂ ಎಷ್ಟು ಉಪಯೋಗವೆಂಬ ಪ್ರಶ್ನೆಗೆ ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡುವ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2016ರ ವಿಮರ್ಶೆ 42 ಪ್ರಯೋಗಗಳನ್ನು ಪರಿಶೀಲಿಸಿಯೂ ಖಚಿತ ಉತ್ತರ ಕೊಟ್ಟಿಲ್ಲ. ಬಹುಪಾಲು ಅಧ್ಯಯನಗಳ ಗುಣಮಟ್ಟವೇ ಕಡಿಮೆಯಾಗಿತ್ತು. ಆದ್ದರಿಂದ ವೈದ್ಯರು ಬರೆದುಕೊಟ್ಟ ಮೆಫೆನಾಮಿಕ್ ಆಸಿಡ್ ಅಥವಾ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯನ್ನು ಬಿಟ್ಟು ಇದನ್ನು ಹಿಡಿಯುವುದು ಜಾಣತನವಲ್ಲವೆಂಬುದು ನನ್ನ ಅಭಿಪ್ರಾಯ. ಪ್ರತಿ ಮುಟ್ಟಿನಲ್ಲೂ ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ಎಷ್ಟು ಮಾತ್ರೆ ನುಂಗಿದ್ದಾಯಿತು, ಎಷ್ಟು ದಿನ ರಜೆ ಹಾಕಿದ್ದಾಯಿತು ಎಂಬುದನ್ನು ಚಿಕಿತ್ಸೆಗೆ ಮುಂಚಿನ ಒಂದೆರಡು ತಿಂಗಳಿಂದಲೇ ಬರೆದಿಟ್ಟುಕೊಳ್ಳಬೇಕು. ಮೂರು ತಿಂಗಳು ಕಳೆದ ಮೇಲೆ ಆ ಅಂಕಿಗಳು ಇಳಿದಿರದಿದ್ದರೆ, ಇನ್ನೂ ಹತ್ತು ಬಾರಿಗೆ ಮುಂಗಡ ಹಣ ಕಟ್ಟಿಸಿಕೊಳ್ಳುವ ಪ್ಯಾಕೇಜಿಗೆ ಒಪ್ಪಬೇಕಾಗಿಲ್ಲ.