ಸೆರೊಟೋನಿನ್ ಬಳಸಿ ದ್ವಿಕವಾಟಿ ಚಿಪ್ಪುಜೀವಿಗಳಿಂದ ಮೊಟ್ಟೆ ಬಿಡಿಸುವ ಕ್ರಮ

ಕಪ್ಪೆಚಿಪ್ಪು, ಸಿಂಪಿ, ಸ್ಕ್ಯಾಲಪ್ ಮುಂತಾದ ದ್ವಿಕವಾಟಿಗಳ (ಎರಡು ಚಿಪ್ಪುಗಳ ನಡುವೆ ಬದುಕುವ ಜೀವಿಗಳ) ದೇಹದಲ್ಲಿ ಮೊಟ್ಟೆ ಮತ್ತು ವೀರ್ಯ ಹೊರಬೀಳುವ ಕೊನೆಯ ಹಂತವನ್ನು ನಡೆಸುವ ನರವಾಹಕಗಳಲ್ಲಿ, ಅಂದರೆ ನರಗಳ ಸಂದೇಶ ಒಯ್ಯುವ ರಾಸಾಯನಿಕಗಳಲ್ಲಿ, ಸೆರೊಟೋನಿನ್ ಮುಖ್ಯವಾದುದು. ಮತ್ಸುತಾನಿ ಮತ್ತು ನೊಮುರಾ ಎಂಬ ಸಂಶೋಧಕರು 1982ರಲ್ಲಿ ಜಪಾನಿನ ಸ್ಕ್ಯಾಲಪ್‌ಗೆ ಇದನ್ನು ಚುಚ್ಚಿ ಮೊಟ್ಟೆ ಬಿಡಿಸಿದ ಮೇಲೆ ಈ ವಿಧಾನ ಮರಿ ಬೆಳೆಸುವ ಹ್ಯಾಚರಿಗಳಿಗೂ ಪ್ರಯೋಗಾಲಯಗಳಿಗೂ ಹರಡಿತು. ಆದರೆ ಮೊಟ್ಟೆಯನ್ನು ಬೆಳೆಸುವ ಕೆಲಸವನ್ನು ಸೆರೊಟೋನಿನ್ ಮಾಡುವುದಿಲ್ಲ. ಬೆಳೆದು ನಿಂತದ್ದನ್ನು ಅದು ಹೊರಗೆ ಕಳಿಸುತ್ತದೆ, ಅಷ್ಟೇ. ಆದ್ದರಿಂದ ಈ ಕೆಲಸದ ಮುಕ್ಕಾಲು ಪಾಲು ಸಿರಿಂಜು ಕೈಗೆತ್ತಿಕೊಳ್ಳುವ ಮೊದಲೇ ಮುಗಿದಿರಬೇಕು.

ಸಿಗಡಿ ಸಾಕಣೆಯ ಅನುಭವವುಳ್ಳವರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸಿಗಡಿಯ ಕಣ್ಣಿನ ತೊಟ್ಟಿನಲ್ಲಿರುವ ಗ್ರಂಥಿಯು ಅಂಡಾಶಯದ ಬೆಳವಣಿಗೆಯನ್ನು ತಡೆಯುವ ಹಾರ್ಮೋನನ್ನು ಸ್ರವಿಸುತ್ತದೆ. ಒಂದು ತೊಟ್ಟನ್ನು ತೆಗೆದರೆ ಆ ತಡೆ ಸಡಿಲಗೊಂಡು ಅಂಡಾಶಯ ಬೆಳೆಯತೊಡಗುತ್ತದೆ. ದ್ವಿಕವಾಟಿಗಳಲ್ಲಿ ಕೈಗೆ ಸಿಗುವ ಅಂಥ ಒಂದೇ ತಡೆಯಿಲ್ಲ. ಉಷ್ಣತೆ, ಆಹಾರ ಮತ್ತು ನರಗಂಟುಗಳ ಸ್ರಾವಗಳು ಸೇರಿ ಮೊಟ್ಟೆ ಅಥವಾ ವೀರ್ಯ ತಯಾರಾಗುವ ಜನನಗ್ರಂಥಿಯನ್ನು ವಾರಗಟ್ಟಲೆ ಬೆಳೆಸುತ್ತವೆ. ಎಸ್ಟ್ರಾಡಿಯಾಲ್‌ನಂಥ ಸ್ಟೀರಾಯ್ಡ್ ಹಾರ್ಮೋನುಗಳು ಇದರಲ್ಲಿ ಎಷ್ಟು ಪಾಲು ವಹಿಸುತ್ತವೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲದ ಕಾರಣ, ಅವುಗಳನ್ನು ನೀರಿಗೆ ಬೆರೆಸಿ ಪ್ರಾಣಿಗಳನ್ನು ಮಾಗಿಸುವ ಯೋಚನೆಯನ್ನು ಕೈಬಿಡುವುದೇ ಒಳ್ಳೆಯದು.

ಮೊಟ್ಟೆ-ವೀರ್ಯಕ್ಕಾಗಿ ಸಾಕುವ ತಳಿ ಪ್ರಾಣಿಗಳಿಗೆ ಆಯಾ ಪ್ರಭೇದಕ್ಕೆ ಹೊಂದುವ ಉಷ್ಣತೆಯಲ್ಲಿ ಕೆಲವು ವಾರ ಧಾರಾಳವಾಗಿ ಸೂಕ್ಷ್ಮಪಾಚಿಯನ್ನು ಉಣಿಸಬೇಕು. ಮಾಗಿರುವುದನ್ನು ತಿಳಿಯಲು ಒಂದೆರಡು ಪ್ರಾಣಿಗಳನ್ನು ತೆರೆದು, ಜನನಗ್ರಂಥಿಯಿಂದ ಒಂದು ಹನಿ ದ್ರವವನ್ನು ಗಾಜಿನ ಪಟ್ಟಿಯ ಮೇಲೆ ಸಮುದ್ರದ ನೀರಿನಲ್ಲಿ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಎಳೆಯ ಮೊಟ್ಟೆಗಳು ಗ್ರಂಥಿಗೆ ಅಂಟಿದ ತೊಟ್ಟನ್ನು ಬಿಡಿಸಿಕೊಂಡಿರುವುದಿಲ್ಲ, ಆಕಾರವೂ ಅಂಕುಡೊಂಕಾಗಿರುತ್ತದೆ. ಮಾಗಿದವು ಒಂದಕ್ಕೊಂದು ಅಂಟದೆ ಹರಡಿ, ಸಿಂಪಿಯಂಥ ಪ್ರಾಣಿಗಳಲ್ಲಿ ಮೊದಲು ಪೇರು ಹಣ್ಣಿನ ಆಕಾರದಲ್ಲಿದ್ದು, ನೀರಿನಲ್ಲಿ ಸ್ವಲ್ಪ ಹೊತ್ತಿಗೆ ಗುಂಡಗಾಗುತ್ತವೆ. ವೀರ್ಯಾಣುಗಳು ನೀರು ಸೋಕಿದೊಡನೆ ಚುರುಕಾಗಿ ಓಡಾಡಬೇಕು. ಈ ಪರೀಕ್ಷೆಯಲ್ಲಿ ಸಂಶಯ ಬಂದರೆ ಚುಚ್ಚುಮದ್ದನ್ನು ಮುಂದೂಡುವುದು ಸರಿ.

ಮಾಗಿದ ಪ್ರಾಣಿಗಳಿಗೂ ಮೊದಲು ಕೊಡಬೇಕಾದದ್ದು ಉಷ್ಣತೆಯ ಪ್ರಚೋದನೆಯೇ. ತಂಪಾದ ನೀರಿನಲ್ಲಿ ಅರ್ಧ ಗಂಟೆ, ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ಇರಿಸಿ, ಪ್ರಭೇದ ತಾಳುವ ಮಿತಿಯನ್ನು ದಾಟದಂತೆ ಕೆಲವು ಬಾರಿ ಅದಲುಬದಲು ಮಾಡಬೇಕು. ಅದೇ ಪ್ರಭೇದದ ಗಂಡಿನಿಂದ ತೆಗೆದ ವೀರ್ಯವನ್ನು ತುಸು ನೀರಿಗೆ ಸೇರಿಸಿದರೆ ಉಳಿದವು ಅದರ ಸುಳಿವು ಹಿಡಿದು ಬಿಡಲಾರಂಭಿಸುವುದೂ ಉಂಟು. ಇದಕ್ಕೂ ಜಗ್ಗದಿದ್ದಾಗ, ಅಥವಾ ಯಾವ ಪ್ರಾಣಿಯ ಮೊಟ್ಟೆ ಯಾವುದೆಂಬುದು ಖಚಿತವಾಗಿ ಬೇಕಾದಾಗ, ಸೆರೊಟೋನಿನ್ ಬಳಸಬೇಕು.

ಹೆಚ್ಚಾಗಿ ಬಳಸುವ ಪ್ರಮಾಣ 2 ಮಿಲಿಮೋಲಾರ್ ದ್ರಾವಣ, ಪ್ರತಿ ಪ್ರಾಣಿಗೆ 0.4 ಮಿಲಿಲೀಟರ್. ಬಾಟಲಿಯ ಮೇಲಿನ ಹೆಸರನ್ನು ಓದದೆ ತೂಗಬಾರದು, ಏಕೆಂದರೆ ಸೆರೊಟೋನಿನ್ ಬೇರೆ ಬೇರೆ ಲವಣಗಳ ರೂಪದಲ್ಲಿ ಬರುತ್ತದೆ. ಹೈಡ್ರೋಕ್ಲೋರೈಡ್ ಆದರೆ 100 ಮಿಲಿಲೀಟರ್‌ಗೆ ಸುಮಾರು 42.5 ಮಿಲಿಗ್ರಾಂ ಸಾಕು. ಕ್ರಿಯಾಟಿನಿನ್ ಸಲ್ಫೇಟ್ ಮಾನೋಹೈಡ್ರೇಟ್ ಆದರೆ ಸುಮಾರು 81 ಮಿಲಿಗ್ರಾಂ ಬೇಕು. ಸೋಸಿದ ಸಮುದ್ರದ ನೀರಿನಲ್ಲಿ ಕರಗಿಸಿ, ಬೆಳಕು ತಾಗದಂತೆ ಮುಚ್ಚಿಟ್ಟು, ಅಂದಂದಿನದನ್ನು ಅಂದೇ ಬಳಸಬೇಕು. ಕೈಗವಸು ಕಡ್ಡಾಯ.

ಎರಡು ಮುಚ್ಚುಸ್ನಾಯುಗಳಿರುವ ಕಪ್ಪೆಚಿಪ್ಪಿನಂಥ ಪ್ರಾಣಿಗಳಲ್ಲಿ ಮುಂದಿನ ಸ್ನಾಯುವಿಗೆ ಚುಚ್ಚುವುದು ರೂಢಿ. ಸಿಂಪಿ ಮತ್ತು ಸ್ಕ್ಯಾಲಪ್‌ಗಳಲ್ಲಿ ಇರುವುದು ಒಂದೇ ಸ್ನಾಯು. ಚಿಪ್ಪು ತಾನಾಗಿ ಬಾಯಿ ತೆರೆದಾಗ ಸಣ್ಣ ಬೆಣೆಯನ್ನು ಇಟ್ಟು ಸೂಜಿ ಹಾಕಬಹುದು, ಇಲ್ಲವೇ ಅಂಚನ್ನು ಅರದಿಂದ ಉಜ್ಜಿ ಕಿಂಡಿ ಮಾಡಿಕೊಳ್ಳಬಹುದು. ಬಲವಂತವಾಗಿ ಮೀಟಿ ತೆರೆದರೆ ಸ್ನಾಯು ಹರಿಯುತ್ತದೆ. ಚುಚ್ಚಿದ ಕೂಡಲೇ ಪ್ರತಿಯೊಂದನ್ನೂ ಶುದ್ಧವಾದ ಸಮುದ್ರದ ನೀರಿರುವ ಬೇರೆ ಬೇರೆ ಪಾತ್ರೆಯಲ್ಲಿಡಬೇಕು, ಪಾತ್ರೆಯ ಕೆಳಗೆ ಕಪ್ಪು ಹಾಳೆ ಹಾಸಿದರೆ ನೋಡಲು ಸುಲಭ.

ಸಾಮಾನ್ಯವಾಗಿ ಗಂಡುಗಳೇ ಬೇಗ ಸ್ಪಂದಿಸುತ್ತವೆ. ಹಾಲಿನಂಥ ಎಳೆಯೊಂದು ಹೊರಟು ನೀರೆಲ್ಲ ಮಸುಕಾಗುತ್ತದೆ. ಹೆಣ್ಣು ಬಿಡುವ ಮೊಟ್ಟೆಗಳು ರವೆಯಂತೆ ಕಣಕಣವಾಗಿ ತಳಕ್ಕಿಳಿಯುತ್ತವೆ. ಹೆಣ್ಣುಗಳು ತಡಮಾಡುವುದೂ, ಕೆಲವು ಬಿಡದೇ ಇರುವುದೂ ಈ ವಿಧಾನದ ದೊಡ್ಡ ಮಿತಿ, ಆದ್ದರಿಂದ ಬೇಕಾದುದಕ್ಕಿಂತ ಹೆಚ್ಚು ಹೆಣ್ಣುಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಒಂದೇ ಪ್ರಾಣಿ ಗಂಡೂ ಹೆಣ್ಣೂ ಆಗಿರುವ ಸ್ಕ್ಯಾಲಪ್ ಪ್ರಭೇದಗಳು ಮೊದಲು ವೀರ್ಯವನ್ನೇ ಬಿಡುವುದರಿಂದ, ಸ್ವಯಂ ನಿಷೇಚನೆ ತಪ್ಪಿಸಲು ಅವುಗಳ ನೀರನ್ನು ಮತ್ತೆ ಮತ್ತೆ ಬದಲಿಸಬೇಕಾಗುತ್ತದೆ.

ಮೊಟ್ಟೆಗಳನ್ನು ಜರಡಿಯಲ್ಲಿ ಸೋಸಿ ತೊಳೆದು, ಹಲವು ಗಂಡುಗಳ ವೀರ್ಯವನ್ನು ಮಿತವಾಗಿ ಬೆರೆಸಬೇಕು. ವೀರ್ಯ ಅತಿಯಾದರೆ ಒಂದೇ ಮೊಟ್ಟೆಯೊಳಗೆ ಹಲವು ವೀರ್ಯಾಣುಗಳು ನುಗ್ಗಿ ಭ್ರೂಣ ಕೆಡುತ್ತದೆ; ಸೂಕ್ಷ್ಮದರ್ಶಕದಲ್ಲಿ ಮೊಟ್ಟೆಯ ಸುತ್ತ ಕೆಲವೇ ವೀರ್ಯಾಣುಗಳು ಕಂಡರೆ ಸಾಕು. ಸ್ವಲ್ಪ ಹೊತ್ತಿನಲ್ಲಿ ಮೊಟ್ಟೆಯ ಅಂಚಿನಲ್ಲಿ ಧ್ರುವಕಾಯವೆಂಬ ಪುಟ್ಟ ಗುಳ್ಳೆ ಮೂಡಿದರೆ ನಿಷೇಚನೆ ನಡೆದಿದೆ ಎಂದರ್ಥ. ಚುಚ್ಚಿದರೂ ಬಿಡದ ಪ್ರಾಣಿಗಳಿಗೆ ಅದೇ ದಿನ ಪ್ರಮಾಣ ಹೆಚ್ಚಿಸಿ ಮತ್ತೆ ಚುಚ್ಚುವ ಬದಲು, ಅವುಗಳನ್ನು ಪ್ರತ್ಯೇಕ ತೊಟ್ಟಿಗೆ ಮರಳಿಸಿ ಆಹಾರ ಕೊಟ್ಟು, ಮತ್ತೊಮ್ಮೆ ಜನನಗ್ರಂಥಿಯ ಪರೀಕ್ಷೆಯಿಂದಲೇ ಆರಂಭಿಸಬೇಕು.