ಮದನಿಕೆಯ ಮುಖಕ್ಕೆ ಬೆಳಕು ತರುವುದು ಹೇಗೆ?

ಬೇಲೂರಿಗೆ ಹೋಗಿಬಂದವರ ಮೊಬೈಲ್‌ನಲ್ಲಿ ದರ್ಪಣ ಸುಂದರಿ ಇದ್ದೇ ಇರುತ್ತಾಳೆ. ಆದರೆ ಹೆಚ್ಚಿನ ಫೋಟೊಗಳಲ್ಲಿ ಆಕಾಶ ಬೆಳ್ಳಗೆ, ಸುಂದರಿ ಕಪ್ಪಗೆ; ಗೋಡೆ ಬೇರೆ ಹಿಂದಕ್ಕೆ ವಾಲಿರುತ್ತದೆ. ಇದು ಕ್ಯಾಮೆರಾದ ತಪ್ಪಲ್ಲ. ಮದನಿಕೆಯರು ನಿಂತಿರುವುದು ಸೂರಿನ ನೆರಳಲ್ಲಿ, ನಾವು ನಿಲ್ಲುವುದು ಕೆಳಗೆ ಜಗತಿಯ ಮೇಲೆ. ಕತ್ತೆತ್ತಿ ಕ್ಲಿಕ್ಕಿಸಿದಾಗ ಕ್ಯಾಮೆರಾ ಆಕಾಶದ ಬೆಳಕನ್ನೂ ಲೆಕ್ಕಕ್ಕೆ ಹಿಡಿದು ಕಲ್ಲನ್ನು ಕತ್ತಲಲ್ಲಿ ಬಿಡುತ್ತದೆ.

ಇದನ್ನು ಸರಿಪಡಿಸಲು ತಿಂಗಳು ತಿಂಗಳು ಬಾಡಿಗೆ ಕಟ್ಟುವ ಸಾಫ್ಟ್‌ವೇರ್ ಬೇಕಿಲ್ಲ. ಹಾಸನದಿಂದ ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ತೆಗೆದ ನನ್ನ ಫೋಟೊಗಳನ್ನೆಲ್ಲ ನಾನು ಗಿಂಪ್‌ನಲ್ಲೇ ತಿದ್ದುತ್ತೇನೆ. 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ ಈ ತಂತ್ರಾಂಶ ಇಂದಿಗೂ ಸಂಪೂರ್ಣ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. 2025ರಲ್ಲಿ ಬಂದ 3.0 ಅಥವಾ ಅದಕ್ಕಿಂತ ಹೊಸ ಆವೃತ್ತಿಯೇ ಇರಲಿ, ಕಾರಣ ಮುಂದೆ ಹೇಳುತ್ತೇನೆ. ಏನನ್ನೂ ಇಳಿಸಿಕೊಳ್ಳಲು ಆಗದವರು ಬ್ರೌಸರ್‌ನಲ್ಲೇ ಫೋಟೊಪಿಯಾ ತೆರೆಯಬಹುದು. ಜಾಹೀರಾತು ಬರುತ್ತದೆ, ಆದರೆ ಚಿತ್ರ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಮೊಬೈಲ್ ಮಾತ್ರ ಇರುವವರಿಗೆ ಸ್ನ್ಯಾಪ್‌ಸೀಡ್ ಸಾಕು.

ಕ್ಯಾಮೆರಾ ಇದ್ದರೆ ರಾ ಫೈಲ್‌ನಲ್ಲೇ, ಅಂದರೆ ಕ್ಯಾಮೆರಾ ತಾನೇ ತಿದ್ದದೆ ಕೊಡುವ ಕಚ್ಚಾ ಫೈಲ್‌ನಲ್ಲೇ, ತೆಗೆಯಿರಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. 14 ಬಿಟ್ ರಾ ಫೈಲ್‌ನಲ್ಲಿ 16,384. ನೆರಳಲ್ಲಿ ಹುದುಗಿದ ಕೆತ್ತನೆಯನ್ನು ಮೇಲೆತ್ತುವಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ರಾ ಫೈಲ್ ತೆರೆಯಲು ಡಾರ್ಕ್‌ಟೇಬಲ್ ಅಥವಾ ರಾ ಥೆರಪಿ ಹಾಕಿಕೊಳ್ಳಿ, ಎರಡೂ ಉಚಿತ. ಇವುಗಳಲ್ಲಿ ಒಂದಿದ್ದರೆ ಗಿಂಪ್ ತಾನೇ ರಾ ಫೈಲನ್ನು ಅದರ ಕೈಗೆ ಒಪ್ಪಿಸುತ್ತದೆ.

ಮೊದಲ ಹೆಜ್ಜೆ ಗೋಡೆಯನ್ನು ನೆಟ್ಟಗೆ ನಿಲ್ಲಿಸುವುದು. ಮೂಲ ಫೋಟೊದ ಒಂದು ಪ್ರತಿ ಮಾಡಿಕೊಂಡು ಅದನ್ನು ತೆರೆಯಿರಿ. ಶಿಫ್ಟ್ ಜೊತೆ ಪಿ ಒತ್ತಿದರೆ ಪರ್ಸ್ಪೆಕ್ಟಿವ್ ಉಪಕರಣ ಬರುತ್ತದೆ. ಮೇಲಿನ ಎರಡು ಮೂಲೆಗಳನ್ನು ನಿಧಾನಕ್ಕೆ ಹೊರಗೆಳೆಯಿರಿ, ಕಂಬದ ಅಂಚು ಲಂಬವಾಗುವವರೆಗೆ. ಮದನಿಕೆ ಮುಂದಕ್ಕೆ ಬಾಗಿಕೊಂಡೇ ನಿಂತವಳು, ಅವಳನ್ನು ನೇರ ಮಾಡಲು ಹೋಗಬೇಡಿ. ಲೆಕ್ಕಕ್ಕೆ ಬರುವುದು ಕಂಬ ಮತ್ತು ಗೋಡೆಯ ಗೆರೆ. ಹೀಗೆ ಎಳೆದಾಗ ಅಂಚಿನಲ್ಲಿ ಒಂದಿಷ್ಟು ಭಾಗ ಕತ್ತರಿಸಿ ಹೋಗುತ್ತದೆ. ಆದ್ದರಿಂದ ತೆಗೆಯುವಾಗಲೇ ಸುತ್ತ ಜಾಗ ಬಿಟ್ಟು ತೆಗೆಯಿರಿ.

ಇನ್ನು ಬೆಳಕು. ಕಲರ್ಸ್ ಮೆನುವಿನಲ್ಲಿ ಶ್ಯಾಡೋಸ್-ಹೈಲೈಟ್ಸ್ ಇದೆ. ಶ್ಯಾಡೋಸ್ ಅನ್ನು 30, ಹೆಚ್ಚೆಂದರೆ 40ಕ್ಕೆ ಏರಿಸಿ. ಹೈಲೈಟ್ಸ್ ಅನ್ನು ಸೊನ್ನೆಯಿಂದ ಸ್ವಲ್ಪ ಕೆಳಗಿಳಿಸಿ. ಸೂರಿನ ಅಂಚಿನಲ್ಲಿ ಬಿಳಿ ಪ್ರಭೆ ಕಂಡಿತೋ, ಅತಿಯಾಯಿತು ಎಂದೇ ಅರ್ಥ. 3.0ರಲ್ಲಿ ಲೇಯರ್ ಪಕ್ಕದ ಎಫ್‌ಎಕ್ಸ್ ಗುರುತನ್ನು ಒತ್ತಿ ಈ ಸಂಖ್ಯೆಗಳನ್ನು ಮತ್ತೆ ಬದಲಿಸಬಹುದು, ಮರುದಿನ ಬೆಳಿಗ್ಗೆ ಹೊಸ ಕಣ್ಣಲ್ಲಿ ನೋಡಿಯೂ. ಹೊಸ ಆವೃತ್ತಿ ಇರಲಿ ಎಂದದ್ದು ಇದಕ್ಕೇ. ನೆರಳು ಎತ್ತಿದ ಮೇಲೆ ಚಿತ್ರ ಸಪ್ಪೆಯಾಗುತ್ತದೆ. ಆಗ ಕರ್ವ್ಸ್ ತೆರೆದು ಗೆರೆಯ ಕೆಳಭಾಗವನ್ನು ಒಂದು ಕೂದಲೆಳೆಯಷ್ಟು ಇಳಿಸಿ, ಮೇಲ್ಭಾಗವನ್ನು ಅಷ್ಟೇ ಏರಿಸಿ. ಒಡವೆಯ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಎದ್ದು ಬರುತ್ತದೆ. ಜೆಪೆಗ್‌ನಲ್ಲಿ ಪೂರ್ತಿ ಬಿಳಿಯಾಗಿಹೋದ ಆಕಾಶ ಮಾತ್ರ ಯಾವ ಉಪಾಯಕ್ಕೂ ಮರಳುವುದಿಲ್ಲ.

ಬಣ್ಣದ ವಿಷಯದಲ್ಲಿ ನನ್ನದು ಸ್ವಲ್ಪ ಹಠ. ಬಳಪದ ಕಲ್ಲಿಗೆ ತನ್ನದೇ ಹಸಿರುಬೂದು ಛಾಯೆ ಇದೆ, ನೆರಳಲ್ಲಿ ತೆಗೆದಾಗ ಅದರ ಮೇಲೆ ಆಕಾಶದ ನೀಲಿ ಸೇರಿಕೊಳ್ಳುತ್ತದೆ. ತೆಗೆಯಬೇಕಾದದ್ದು ನೀಲಿಯನ್ನು ಮಾತ್ರ. ಲೆವೆಲ್ಸ್‌ನಲ್ಲಿರುವ ಬೂದು ಡ್ರಾಪರ್‌ನಿಂದ ಕಲ್ಲನ್ನೇ ಒತ್ತಿದರೆ ಅದರ ಛಾಯೆಯೂ ಅಳಿಸಿ ಸಿಮೆಂಟಿನಂತಾಗುತ್ತದೆ. ಅದಕ್ಕೇ ಅದೇ ನೆರಳಲ್ಲಿ ಒಂದು ಬೂದು ಕಾರ್ಡ್ ಹಿಡಿದು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಡ್ರಾಪರ್‌ನಿಂದ ಆ ಕಾರ್ಡನ್ನು ಒತ್ತಿ, ಬಂದ ಲೆವೆಲ್ಸ್ ಅನ್ನೇ ಮದನಿಕೆಯ ಚಿತ್ರಕ್ಕೂ ಹಾಕಿ. ಯಾರದೋ ಬಿಳಿ ಪಂಚೆಯನ್ನು ನೆಚ್ಚಬೇಡಿ, ನೀಲಿ ಹಾಕಿ ಒಗೆದಿರುತ್ತಾರೆ.

ಸ್ಮಾರಕದೊಳಗೆ ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಕೈಯಲ್ಲೇ ಹಿಡಿದು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿ ತೆಗೆದ ಚಿತ್ರದಲ್ಲಿ ಕಾಳುಕಾಳು ಕಾಣುತ್ತದೆ. ಅದನ್ನು ನಾಯ್ಸ್ ರಿಡಕ್ಷನ್‌ನಿಂದ ತುಸುವೇ ತಗ್ಗಿಸಿ. ಪೂರ್ತಿ ನುಣ್ಣಗಾದರೆ ಉಳಿಯ ಗುರುತೂ ಹೋಗುತ್ತದೆ. ಬಳ್ಳಿಗಾವೆಯ ಶಿಲ್ಪಿ ದಾಸೋಜನಂಥವರು ಹೆಸರು ಕೊರೆದು ಬಿಟ್ಟುಹೋದ ಕೆಲಸ ಅದು. ಇದೇ ಕಾರಣಕ್ಕೆ ಕ್ಲೋನ್, ಹೀಲ್ ಉಪಕರಣಗಳನ್ನು ನಾನು ಲೆನ್ಸಿನ ದೂಳಿನ ಚುಕ್ಕೆಗೆ, ಹೆಚ್ಚೆಂದರೆ ವಿದ್ಯುತ್ ತಂತಿಗೆ ಬಳಸುತ್ತೇನೆ. ಹಳೇಬೀಡಿನ ಮುರಿದ ಕೈಗೆ, ಒಡೆದ ಮೂಗಿಗೆ ಪಕ್ಕದ ಕಲ್ಲು ತಂದು ಅಂಟಿಸುವುದು ನನ್ನ ಮಟ್ಟಿಗೆ ಸುಳ್ಳು ಹೇಳಿದಂತೆ. ಆ ಗಾಯವೂ ಈ ಕಲ್ಲಿನ ಚರಿತ್ರೆಯೇ.

ಕೊನೆಗೆ ಅಂಚುಗಳನ್ನು ಚುರುಕುಗೊಳಿಸುವ ಅನ್‌ಶಾರ್ಪ್ ಮಾಸ್ಕ್: ರೇಡಿಯಸ್ 1ರ ಆಸುಪಾಸು, ಅಮೌಂಟ್ 0.5. ಕೀಬೋರ್ಡಿನ 1 ಒತ್ತಿ ಚಿತ್ರವನ್ನು ನೂರಕ್ಕೆ ನೂರು ಗಾತ್ರದಲ್ಲಿಟ್ಟು ನೋಡಿಯೇ ತೀರ್ಮಾನಿಸಿ. ತಿದ್ದುವ ಪ್ರತಿಯನ್ನು ಗಿಂಪ್‌ನದೇ ಫೈಲ್ ಬಗೆಯಾದ ಎಕ್ಸ್‌ಸಿಎಫ್ ಆಗಿ ಉಳಿಸಿ, ಹಂಚಲು ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಇಷ್ಟು ಹೊತ್ತಿನ ಕೆಲಸವನ್ನೆಲ್ಲ ಅದು ಹಿಂಡಿಬಿಡುತ್ತದೆ.

ಗೋಡೆಗೆ ಹಾಕಲು 8x12 ಇಂಚಿನ ಪ್ರಿಂಟ್ ಬೇಕಾದರೆ 2400x3600 ಪಿಕ್ಸೆಲ್ ಇರಲಿ. ಕಾಗದದ ಮೇಲೆ ಚಿತ್ರ ಪರದೆಗಿಂತ ಕಪ್ಪಾಗಿ ಕಾಣುವುದು ಸಾಮಾನ್ಯ. ಸ್ಟುಡಿಯೊದಲ್ಲಿ ಮೊದಲು 4x6ರಲ್ಲಿ ಒಂದೇ ಪ್ರತಿ ಹಾಕಿಸಿ, ಮನೆಗೆ ತಂದು ಕಿಟಕಿಯ ಬೆಳಕಿನಲ್ಲಿ ಹಿಡಿದು ನೋಡಿ. ಸುಂದರಿಯ ಕಣ್ಣು ಇನ್ನೂ ನೆರಳಲ್ಲೇ ಇದ್ದರೆ ಎಕ್ಸ್‌ಸಿಎಫ್ ಪ್ರತಿ ತೆರೆದು ಶ್ಯಾಡೋಸ್ ಅನ್ನು ಇನ್ನೊಂದೈದು ಏರಿಸಿ.