ಚರ್ಮಕ್ಕೆ ಬ್ಲೇಡ್ ಇಳಿಸುವ ಮುನ್ನ

ಮುಂಬಯಿ ಧಾರಾವಿಯ ಚರ್ಮದ ಗಾಳಾಗಳಲ್ಲಿ, ಅಂದರೆ ಸಣ್ಣ ಕಾರ್ಖಾನೆ ಕೋಣೆಗಳಲ್ಲಿ, ಡೈ (ಕತ್ತರಿಸುವ ಉಕ್ಕಿನ ಅಚ್ಚು) ಇಟ್ಟು ಪ್ರೆಸ್ಸಿನಲ್ಲಿ ಒತ್ತಿ ಕತ್ತರಿಸುವ ಪದ್ಧತಿ ಹಳೆಯದು. ಆದರೆ ಸೈಜಿಗೊಂದು, ಭಾಗಕ್ಕೊಂದು ಡೈ ಮಾಡಿಸಬೇಕು. ಐವತ್ತು, ನೂರು ಜೋಡಿಯ ಆರ್ಡರಿನಲ್ಲಿ ಆ ಖರ್ಚು ಗಿಟ್ಟುವುದಿಲ್ಲ. ಇಂಥಲ್ಲಿ ಕಂಪ್ಯೂಟರ್ ಹೇಳಿದಂತೆ ಕತ್ತರಿಸುವ ಸಿಎನ್‌ಸಿ ಚಾಕು ಟೇಬಲ್ ಲಾಭಕ್ಕೆ ಬರುತ್ತದೆ. ಹೊಲಿಗೆ ಮಷಿನಿನ ಸೂಜಿಯ ಹಾಗೆ ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಆಡುವ ಬ್ಲೇಡ್, ಮಾಲನ್ನು ಹಿಡಿದಿಡಲು ಕೆಳಗಿನಿಂದ ಎಳೆಯುವ ಗಾಳಿ, ಇಷ್ಟೇ ಅದರ ಗುಟ್ಟು. ಅಪ್ಪರ್ (ಬೂಟಿನ ಮೇಲ್ಭಾಗ), ಲೈನಿಂಗ್, ಕ್ಯಾನ್‌ವಾಸ್‌ಗೆ ಇದು ಸರಿ. ಅಥಣಿ ಚಪ್ಪಲಿಯ ದಪ್ಪ ಅಟ್ಟೆಗೆ ಮಾತ್ರ ಚಮ್ಮಾರರ ಕೈಗತ್ತಿ ರಂಪಿಗೆಯೇ ಇರಲಿ.

ಮೊದಲು ಫೈಲ್ ನೋಡಿ. ಇಂಚಿನಲ್ಲಿ ಬರೆದ ಡಿಎಕ್ಸ್‌ಎಫ್ ಫೈಲನ್ನು (ಕಂಪ್ಯೂಟರ್ ನಕ್ಷೆ) ಮಷಿನ್ ಮಿಲಿಮೀಟರ್ ಎಂದು ಓದಿದರೆ ಪ್ಯಾಟರ್ನ್ 25.4 ಪಟ್ಟು ಚಿಕ್ಕದಾಗುತ್ತದೆ. ಅದು ಕಣ್ಣಿಗೆ ಬೀಳುತ್ತದೆ, ಬಿಡಿ. ಕಣ್ಣಿಗೆ ಬೀಳದ್ದು ಒಂದರ ಮೇಲೊಂದು ಕೂತ ಜೋಡಿ ಗೆರೆ. ಬ್ಲೇಡ್ ಅದೇ ದಾರಿಯಲ್ಲಿ ಎರಡು ಸಲ ಹೋಗಿ ಅಂಚನ್ನು ಜುಂಗು ಮಾಡುತ್ತದೆ.

ಆಮೇಲೆ ಅದೇ ಮಾಲಿನ ತುಂಡಿನಲ್ಲಿ 100 ಮಿ.ಮೀ. ಚೌಕ ಕತ್ತರಿಸಿ ಎರಡೂ ಕರ್ಣ ಅಳೆಯಿರಿ. 141.4 ಬರಬೇಕು. ಎರಡರಲ್ಲಿ ವ್ಯತ್ಯಾಸ ಬಂದರೆ ಬ್ಲೇಡನ್ನು ಹೊತ್ತ ಅಡ್ಡ ತೊಲೆ ಓರೆಯಾಗಿದೆ. ಒಂದು ವೃತ್ತವನ್ನೂ ಕತ್ತರಿಸಿ: ಶುರುವಾದ ಜಾಗಕ್ಕೆ ಕೊನೆ ಬಂದು ಸೇರದಿದ್ದರೆ ಬ್ಲೇಡಿನ ಕೇಂದ್ರ ತಪ್ಪಿದೆ. ಅಡಿಯಲ್ಲಿ ನಾರು ಉಳಿದರೆ ಆಳ ಸಾಲದು. ಬ್ಲೇಡಿನ ಮೊನೆ ಮಾಲಿನ ಕೆಳಗೆ ಹಾಸಿದ ಫೆಲ್ಟಿಗೆ 0.3 ಮಿ.ಮೀ.ಯಷ್ಟು ತಾಗಿದರೆ ಸಾಕು. ಹೆಚ್ಚಾದರೆ ಫೆಲ್ಟ್ ಬೇಗ ಹಾಳು. ಮೂಲೆ ಬಿಡಿಸಿಕೊಳ್ಳದಿದ್ದರೆ ಓವರ್‌ಕಟ್ (ಬ್ಲೇಡ್ ಮೂಲೆ ದಾಟಿ ಹೋಗುವ ಅಳತೆ) ಹೆಚ್ಚಿಸಬೇಕು, ಆದರೆ ಹತ್ತನೇ ಒಂದು ಮಿಲಿಮೀಟರಿನ ಹೆಜ್ಜೆಯಲ್ಲಿ. ಅತಿಯಾದರೆ ಗಾಯ ಪಕ್ಕದ ಭಾಗಕ್ಕೆ ಬೀಳುತ್ತದೆ. ಅಪ್ಪರನ್ನು ಫರ್ಮಾಕ್ಕೆ (ಪಾದದ ಆಕಾರದ ಅಚ್ಚು) ಎಳೆದು ಕೂರಿಸುವಾಗ ಹರಿಯುವುದು ಅಲ್ಲಿಂದಲೇ.

ಬಟ್ಟೆ ಎಲ್ಲ ಕಡೆ ಒಂದೇ; ಚರ್ಮ ಹಾಗಲ್ಲ. ಕಷ್ಟದ ಕೆಲಸ ಇದೇ, ಇದನ್ನು ಸಾಫ್ಟ್‌ವೇರಿಗೆ ಬಿಡಬೇಡಿ. ಅದಕ್ಕೆ ಕಾಣುವುದು ಖಾಲಿ ಜಾಗ ಮಾತ್ರ. ಹಾಳೆಯನ್ನು ನುಣುಪು ಮೈ ಮೇಲಾಗಿ ಹರಡಿ, ಉಣ್ಣಿ ಹುಳ ಕಚ್ಚಿದ ಗುರುತು, ಗೀರು, ದನಕ್ಕೆ ಹಾಕಿದ ಮುದ್ರೆಯ ಕಲೆಗಳನ್ನು ಸಿಲ್ವರ್ ಪೆನ್ನಿನಲ್ಲಿ ಸುತ್ತಿ. ಪಾದದ ಮೇಲೆ ಕೂರುವ ವ್ಯಾಂಪ್ ಬೆನ್ನು ಮತ್ತು ಹಿಂಭಾಗದಿಂದಲೇ ಬರಲಿ. ಹೊಟ್ಟೆ, ಕತ್ತಿನ ಸಡಿಲ ಚರ್ಮ ಬೂಟಿನ ನಾಲಗೆಗೆ, ಒಳಗೆ ಅಡಗುವ ತುಂಡುಗಳಿಗೆ. ಎರಡೂ ಕೈಯಲ್ಲಿ ಎಳೆದು ನೋಡಿ, ಹಿಗ್ಗು ಕಡಿಮೆ ಇರುವ ದಿಕ್ಕು ಹೆಬ್ಬೆರಳಿನಿಂದ ಹಿಮ್ಮಡಿಯ ಕಡೆಗೆ ಇರಬೇಕು. ಇಲ್ಲದಿದ್ದರೆ ನಾಲ್ಕು ದಿನ ಹಾಕಿಕೊಂಡ ಮೇಲೆ ಬೂಟು ಉದ್ದಕ್ಕೆ ಜಗ್ಗುತ್ತದೆ. ಎಡ-ಬಲ ವ್ಯಾಂಪ್ ಅಕ್ಕಪಕ್ಕದಲ್ಲೇ ಇರಲಿ, ಬಣ್ಣದ ಛಾಯೆ ಹೊಂದುತ್ತದೆ.

ಬಟ್ಟೆಯಲ್ಲಿ ಪ್ಯಾಟರ್ನನ್ನು ನೂಲಿನ ಎಳೆಯ ನೇರಕ್ಕೆ ಕಟ್ಟಿಹಾಕಿ, 180 ಡಿಗ್ರಿ ತಿರುಗಲು ಮಾತ್ರ ಅನುಮತಿ ಕೊಡಿ. ವೆಲ್ವೆಟ್ಟಿನಂಥ ರೋಮವಿದ್ದರೆ ಅದೂ ಬೇಡ. ನಿಟ್ ಬಟ್ಟೆಯನ್ನು ರೋಲಿನಿಂದ ಬಿಚ್ಚಿ 24 ಗಂಟೆ ಬಿಡಬೇಕು. ಸಡಿಲ ನೇಯ್ಗೆಯಲ್ಲಿ ಗಾಳಿ ಸೋರಿ ಹಿಡಿತ ತಪ್ಪುತ್ತದೆ. ಮೇಲೆ ತೆಳು ಪಾಲಿಥಿನ್ ಹಾಳೆ ಹಾಸಿ, ಟೇಬಲ್ಲಿನ ಖಾಲಿ ಭಾಗವನ್ನೂ ಮುಚ್ಚಿ.

ಮುಂಬಯಿ ಮಳೆಗಾಲದಲ್ಲಿ ಚರ್ಮ ತೇವ ಹೀರಿ ಮೆತ್ತಗಾಗುತ್ತದೆ, ಬ್ಲೇಡಿನ ಮುಂದೆ ಮಡಿಸಿಕೊಳ್ಳುತ್ತದೆ. ಹಿಂದಿನ ರಾತ್ರಿಯೇ ಕಟಿಂಗ್ ಕೋಣೆಯಲ್ಲಿ ಹಾಸಿಡಿ, ವೇಗ ಇಳಿಸಿ. ಗಾಳಿಯ ಕಂಪ್ರೆಸರಿನಲ್ಲಿ ಸೇರಿದ ನೀರನ್ನು ದಿನಾ ಬೆಳಿಗ್ಗೆ ಬಸಿಯಿರಿ.

ಲೇಸರಿನ ಆಸೆಗೆ ಬಿದ್ದವರಿಗೆ ಒಂದು ಮಾತು: ಪಿವಿಸಿ ರೆಕ್ಸಿನ್ ಅದರ ಕೆಳಗೆ ಇಡಲೇಬೇಡಿ. ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ. ಮೊದಲು ಹಾಳಾಗುವುದು ಶ್ವಾಸಕೋಶ, ನಂತರ ಮಷಿನಿನ ಕಬ್ಬಿಣ.